ಹಗಲಲ್ಲೇ ಓಡಾಡೋ ಪಿಶಾಚಿ: ಹಳೇ ಹಾರರ್ ಸಿನಿಮಾ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮೂಕಿ ಕಾಲದ ಹಾರರ್ ಬಗ್ಗೆನೇ ಜಾಸ್ತಿ ಇದ್ವು, ಅದಕ್ಕೆ ಅವನ್ನೆಲ್ಲ ಒಟ್ಟಿಗೇ ತಗೊಂಡಿದೀನಿ.

ಪ್ರಶ್ನೆ: ಸರ್, 1922ರ ಜರ್ಮನ್ ಸಿನಿಮಾ 'ನೊಸ್ಫೆರಾಟು' ಯೂಟ್ಯೂಬಲ್ಲಿ ನೋಡ್ದೆ. ಬಿಸಿಲು ತಾಗಿದ್ರೆ ಸಾಯೋ ರಕ್ತಪಿಶಾಚಿ ಅಂತ ಅವರೇ ಹೇಳ್ತಾರೆ, ಆಮೇಲೆ ಅದೇ ಪಿಶಾಚಿ ಮಟಮಟ ಮಧ್ಯಾಹ್ನ ಶವಪೆಟ್ಟಿಗೆ ಹೊತ್ಕೊಂಡು ಊರೆಲ್ಲಾ ಸುತ್ತುತ್ತೆ. ಡೈರೆಕ್ಟರ್‌ಗೆ ಅಷ್ಟೂ ಗೊತ್ತಾಗ್ಲಿಲ್ವಾ? (ಹಾಸನದ ಓದುಗರು)

ಉತ್ತರ: ಡೈರೆಕ್ಟರ್ ಮುರ್ನೌ ಅವರದ್ದೇನೂ ತಪ್ಪಿಲ್ಲ, ನಿಮಗೆ ಸಿಕ್ಕಿರೋ ಕಾಪಿ ಸರಿ ಇಲ್ಲ ಅಷ್ಟೇ. ಆಗಿನ ಫಿಲ್ಮ್‌ಗೆ ಬೆಳಕು ಸಿಕ್ಕಾಪಟ್ಟೆ ಬೇಕಿತ್ತು, ರಾತ್ರಿ ಹೊತ್ತು ಹೊರಗಡೆ ಇಡೀ ಬೀದಿ ಕಾಣೋ ಹಾಗೆ ಶೂಟ್ ಮಾಡೋದು ಆಗದ ಮಾತು, ಅದೂ ಇವರು ಸ್ಟುಡಿಯೋ ಬಿಟ್ಟು ವಿಸ್ಮಾರ್, ಲ್ಯೂಬೆಕ್ ಅನ್ನೋ ನಿಜವಾದ ಊರುಗಳಿಗೆ, ಸ್ಲೊವಾಕಿಯಾದ ಒರಾವಾ ಕೋಟೆಗೆ ಕ್ಯಾಮೆರಾ ತಗೊಂಡು ಹೋದವರು. ಅದಕ್ಕೆ ರಾತ್ರಿ ಸೀನನ್ನೂ ಹಗಲಲ್ಲೇ ತೆಗೆದು, ಆಮೇಲೆ ಆ ಭಾಗದ ಪ್ರಿಂಟನ್ನ ನೀಲಿ ಬಣ್ಣದಲ್ಲಿ ಅದ್ದಿ ತೆಗೀತಿದ್ರು. ರಾತ್ರಿ ಅಂದ್ರೆ ನೀಲಿ, ದೀಪ ಹಚ್ಚಿದ ಕೋಣೆ ಅಂದ್ರೆ ಹಳದಿ, ಬೆಳಗಿನ ಜಾವಕ್ಕೆ ಗುಲಾಬಿ, ಹೀಗೆ. ಬೇರೆ ಬೇರೆ ಬಣ್ಣದ ತುಂಡುಗಳನ್ನ ಕೊನೆಗೆ ಜೋಡಿಸಿ ಅಂಟಿಸೋದು. ಥಿಯೇಟರಲ್ಲಿ ಕೂತವನಿಗೆ ನೀಲಿ ಬಂತು ಅಂದ್ರೆ ರಾತ್ರಿ ಆಯ್ತು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮುಂದೆ ಏನಾಯ್ತು ಅಂದ್ರೆ, ಅವನ್ನ ಬರೀ ಕಪ್ಪು ಬಿಳುಪು ಫಿಲ್ಮ್ ಮೇಲೆ ಕಾಪಿ ಮಾಡಿದ್ರು, ಆ ಕಾಪಿಯಿಂದ ಇನ್ನೊಂದು ಕಾಪಿ, ಹೀಗೆ ಬಣ್ಣ ಎಲ್ಲಾ ಹೋಯ್ತು, ಉಳಿದಿದ್ದು ಮಧ್ಯಾಹ್ನದ ಬಿಸಿಲು ಮಾತ್ರ! ಪ್ಯಾರಿಸ್‌ನ ಸಿನೆಮಾಟೆಕ್ ಅನ್ನೋ ಫಿಲ್ಮ್ ಸಂಗ್ರಹಾಲಯದಲ್ಲಿ ಬಣ್ಣ ಇರೋ ಹಳೇ ಪ್ರಿಂಟ್ ಒಂದು ಉಳಿದಿತ್ತು, ಅದನ್ನ ಇಟ್ಕೊಂಡು ಸರಿ ಮಾಡಿರೋ ಕಾಪಿ ಈಗ ಇದೆ. ಅದರಲ್ಲಿ ನೀವು ಹೇಳಿದ ಅದೇ ಸೀನ್ ನೋಡಿ, ಖಾಲಿ ಬೀದಿ, ಪೆಟ್ಟಿಗೆ ಕಂಕುಳಲ್ಲಿ ಇಟ್ಕೊಂಡು ಗೋಡೆ ಪಕ್ಕದಲ್ಲೇ ಸರಸರ ಹೋಗೋ ಆ ಬೋಳುತಲೆ ಆಸಾಮಿ, ಎದೆ ಝಲ್ ಅನ್ನುತ್ತೆ.

ಇನ್ನೊಂದು ಮಾತು. ಬಿಸಿಲಿಗೆ ಪಿಶಾಚಿ ಸಾಯೋದು ಅನ್ನೋದನ್ನ ಸಿನಿಮಾಗೆ ತಂದಿದ್ದೇ ಇವರು. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಕಾದಂಬರೀಲಿ ಡ್ರಾಕುಲಾ ಹಗಲಲ್ಲೂ ಲಂಡನ್ ಬೀದೀಲಿ ಓಡಾಡ್ತಾನೆ, ಶಕ್ತಿ ಸ್ವಲ್ಪ ಕಮ್ಮಿ ಇರುತ್ತೆ ಅಷ್ಟೇ. ಈಗ ಎಲ್ಲಾ ಡ್ರಾಕುಲಾ ಸಿನಿಮಾದಲ್ಲೂ ಕರ್ಟನ್ ಎಳೆದು ಬಿಸಿಲು ಬಿಡ್ತಾರಲ್ಲ, ಅದರ ಮೂಲ ಇಲ್ಲೇ ಇರೋದು.

ಪ್ರಶ್ನೆ: ಇದೇ ಸಿನಿಮಾನ ಕೋರ್ಟು ಸುಡಿಸಿತ್ತಂತೆ, ನಿಜಾನಾ? ಸುಟ್ಟಿದ್ರೆ ನಾವು ಈಗ ನೋಡ್ತಿರೋದೇನು? (ಧಾರವಾಡ)

ಉತ್ತರ: ನಿಜ. ಪ್ರಾನಾ ಫಿಲ್ಮ್ ಅನ್ನೋ ಹೊಸ ಕಂಪನಿ ಇದನ್ನ ತೆಗೆದಿದ್ದು, ಕಾದಂಬರಿಯ ಹಕ್ಕು ತಗೊಂಡೇ ಇರಲಿಲ್ಲ. ಹೆಸರು ಬದಲಾಯಿಸಿದ್ರು, ಡ್ರಾಕುಲಾ ಹೋಗಿ ಕೌಂಟ್ ಓರ್ಲೋಕ್ ಆದ, ಲಂಡನ್ ಹೋಗಿ ವಿಸ್ಬೋರ್ಗ್ ಅನ್ನೋ ಜರ್ಮನ್ ಊರಾಯ್ತು, ಆದ್ರೆ ಟೈಟಲ್ ಕಾರ್ಡಲ್ಲಿ ಮಾತ್ರ ಸ್ಟೋಕರ್ ಅವರ ಡ್ರಾಕುಲಾ ಆಧರಿಸಿದ್ದು ಅಂತ ತಾವೇ ಹಾಕ್ಕೊಂಡ್ರು. ಕಳ್ಳ ತನ್ನ ಅಡ್ರೆಸ್ ಬರೆದಿಟ್ಟು ಹೋದ ಹಾಗೆ!

ಸ್ಟೋಕರ್ 1912ರಲ್ಲೇ ತೀರ್ಕೊಂಡಿದ್ರು. ಅವರ ಹೆಂಡತಿ ಫ್ಲಾರೆನ್ಸ್ ಬಿಡೋ ಹೆಂಗಸಲ್ಲ, ಲೇಖಕರ ಸಂಘದ ಬೆಂಬಲ ತಗೊಂಡು ಕೇಸ್ ಹಾಕಿದ್ರು. ಅಷ್ಟರಲ್ಲಿ ಪ್ರಾನಾ ದಿವಾಳಿ ಎದ್ದಿತ್ತು, ದುಡ್ಡು ಬರೋ ದಾರಿ ಇಲ್ಲ, ಸರಿ ಹಾಗಾದ್ರೆ ಸಿನಿಮಾನೇ ಇರಬಾರದು ಅಂತ ಪಟ್ಟು ಹಿಡಿದ್ರು, 1925ರಲ್ಲಿ ಎಲ್ಲಾ ಪ್ರಿಂಟೂ ನೆಗೆಟಿವ್ವೂ ನಾಶ ಮಾಡಿ ಅಂತ ಜರ್ಮನಿಯ ಕೋರ್ಟು ಆರ್ಡರ್ ಮಾಡ್ತು. ಆದ್ರೆ ಆ ಹೊತ್ತಿಗೆ ಪ್ರಿಂಟುಗಳು ದೇಶ ದಾಟಿ ಹೋಗಿದ್ವು. ನಾವು ನೋಡ್ತಿರೋದು ಹಾಗೆ ತಪ್ಪಿಸ್ಕೊಂಡಿದ್ದರಿಂದ ಬಂದಿದ್ದೇ. ಆಯಮ್ಮಂದು ನ್ಯಾಯವಾದ ಸಿಟ್ಟೇ ಅಂತ ನನ್ನ ಅಭಿಪ್ರಾಯ, ಗಂಡನ ಪುಸ್ತಕ ಅದು, ಆದರೂ ಗೆದ್ದಿದ್ದು ಪೂರ್ತಿ ಕೈಗೂಡಲಿಲ್ಲವಲ್ಲ ಅಂತ ಒಳಗೊಳಗೇ ಖುಷಿನೂ ಆಗುತ್ತೆ.

ಪ್ರಶ್ನೆ: ಪ್ರಪಂಚದ ಮೊದಲ ಹಾರರ್ ಸಿನಿಮಾ ಯಾವುದು? ಕ್ವಿಜ್‌ಗೆ ಬೇಕು, ಒಂದೇ ಉತ್ತರ ಕೊಡಿ. (ಶಿವಮೊಗ್ಗ)

ಉತ್ತರ: ಕ್ವಿಜ್‌ಗಾದ್ರೆ ಫ್ರಾನ್ಸ್‌ನ ಜಾರ್ಜ್ ಮೆಲಿಯೆಸ್ 1896ರಲ್ಲಿ ತೆಗೆದ 'ಲ ಮನ್ವಾರ್ ದ್ಯು ದಿಯಾಬ್ಲ್', ದೆವ್ವದ ಬಂಗಲೆ ಅನ್ಕೊಳಿ. ಮೂರು ನಿಮಿಷದ್ದು. ಬಾವಲಿ ಹಾರಿ ಬರುತ್ತೆ, ಫಟ್ ಅಂತ ಸೈತಾನ ಆಗುತ್ತೆ, ಅಸ್ಥಿಪಂಜರ, ಮಾಟಗಾತಿಯರು ಎಲ್ಲಾ ಬಂದು ಹೋಗ್ತಾರೆ, ಕೊನೆಗೆ ಶಿಲುಬೆ ತೋರಿಸಿ ಓಡಿಸ್ತಾರೆ. ಕ್ವಿಜ್ ಬಿಟ್ಟು ಹೇಳೋದಾದ್ರೆ ಅದು ಹೆದರಿಸೋಕೆ ಮಾಡಿದ್ದೇ ಅಲ್ಲ. ಮೆಲಿಯೆಸ್ ಜಾದೂಗಾರ, ಪ್ಯಾರಿಸ್‌ನಲ್ಲಿ ಸ್ವಂತ ಜಾದೂ ಥಿಯೇಟರ್ ಇತ್ತು, ಕ್ಯಾಮೆರಾ ನಿಲ್ಲಿಸಿ ಆಳನ್ನ ಬದಲಾಯಿಸಿ ಮತ್ತೆ ಶುರು ಮಾಡಿದ್ರೆ ತೆರೆ ಮೇಲೆ ಮನುಷ್ಯ ಮಾಯ ಆಗ್ತಾನೆ ಅನ್ನೋ ಟ್ರಿಕ್ ಸಿಕ್ಕಿದ್ದೇ ಅವರಿಗೆ ಹಬ್ಬ ಆಗಿತ್ತು. ಈ ಸಿನಿಮಾನೂ ಕಳೆದೇ ಹೋಯ್ತು ಅನ್ಕೊಂಡಿದ್ರು, 1988ರಲ್ಲಿ ನ್ಯೂಜಿಲೆಂಡಲ್ಲಿ ಸಿಕ್ತು.

ನಿಜವಾಗ್ಲೂ ಮೈ ಜುಂ ಅನ್ನಿಸಬೇಕಾ, 1910ರಲ್ಲಿ ಎಡಿಸನ್ ಕಂಪನಿ ತೆಗೆದ 'ಫ್ರಾಂಕೆನ್‌ಸ್ಟೈನ್' ನೋಡಿ. ದೊಡ್ಡ ಕಡಾಯಿಯೊಳಗೆ ರಾಕ್ಷಸ ಹುಟ್ಟೋ ಸೀನ್ ಇದೆ. ಒಂದು ಬೊಂಬೆ ಮಾಡಿ ಅದಕ್ಕೆ ಬೆಂಕಿ ಹಚ್ಚಿ, ಅದು ಉರಿದು ಕರಗೋದನ್ನ ಶೂಟ್ ಮಾಡಿ, ಫಿಲ್ಮನ್ನ ಉಲ್ಟಾ ಓಡಿಸಿದಾರೆ, ಹಾಗಾಗಿ ಹೊಗೆಯಿಂದ ಮೂಳೆ ಎದ್ದು, ಮೂಳೆ ಮೇಲೆ ಮಾಂಸ ತಾನಾಗೇ ಬಂದು ಕೂರುತ್ತೆ, ಕೈ ಮಾತ್ರ ಅಲ್ಲಾಡ್ತಾ ಇರುತ್ತೆ. ನೂರು ವರ್ಷದ ಮೇಲಾಯ್ತು, ಇವತ್ತಿನ ಗ್ರಾಫಿಕ್ಸ್ ದೆವ್ವಗಳಿಗಿಂತ ನನಗೆ ಇದೇ ಜಾಸ್ತಿ ಹಿಡಿಸುತ್ತೆ.

ಪ್ರಶ್ನೆ: ಈ ಜರ್ಮನ್ ಹಾರರ್‌ಗೂ ನಮ್ಮ ದೇಶದ ದೆವ್ವದ ಸಿನಿಮಾಗೂ ಏನಾದ್ರೂ ನಂಟು ಇದೆಯಾ? (ಪುಣೆ)

ಉತ್ತರ: ಒಂದು ಎಳೆ ಇದೆ. ಮ್ಯೂನಿಕ್‌ನ ಕ್ಯಾಮೆರಾಮನ್ ಯೋಸೆಫ್ ವಿರ್ಶಿಂಗ್ ಮುಂಬೈನ ಸಿನಿಮಾ ಕಂಪನಿ ಬಾಂಬೆ ಟಾಕೀಸ್‌ಗೆ ಕೆಲಸಕ್ಕೆ ಬಂದವರು. ಎರಡನೇ ಮಹಾಯುದ್ಧದ ಟೈಮಲ್ಲಿ ಜರ್ಮನ್ ಅಂತ ಬ್ರಿಟಿಷರು ಕ್ಯಾಂಪಲ್ಲಿ ಕೂಡಿಹಾಕಿದ್ರು. ಹೊರಗೆ ಬಂದ ಮೇಲೆ 1949ರಲ್ಲಿ ಅಶೋಕ್ ಕುಮಾರ್, ಮಧುಬಾಲಾ ಇದ್ದ 'ಮಹಲ್' ಶೂಟ್ ಮಾಡಿದ್ದು ಇವರೇ. ಕತ್ತಲ ಹಜಾರ, ತೂಗಾಡೋ ದೀಪ, ಬಿಳಿ ಸೀರೆ, ದೂರದಿಂದ ಹಾಡು, ಆಮೇಲೆ ಬಂದ ಎಷ್ಟೋ ದೆವ್ವದ ಸಿನಿಮಾಗಳು ಇದನ್ನೇ ತಿರುಗಿ ತಿರುಗಿ ಬಳಸ್ಕೊಂಡ್ವು. ಹಾಗಂತ ಮುರ್ನೌ ಶೈಲಿನೇ ನೇರ ಇಲ್ಲಿಗೆ ಬಂತು ಅಂದ್ರೆ ನಾನು ಒಪ್ಪಲ್ಲ, ವಿರ್ಶಿಂಗ್ ಬರ್ಲಿನ್‌ನ ಮುರ್ನೌ ಅವರ ಗುಂಪಲ್ಲಿ ಇದ್ದವರಲ್ಲ, ಮೇಲಾಗಿ 'ಮಹಲ್'ನಲ್ಲಿ ಕೊನೆಗೆ ದೆವ್ವನೇ ಇಲ್ಲ, ತೋಟದ ಮಾಲಿಯ ಮಗಳು ಅಂತ ಗೊತ್ತಾಗುತ್ತೆ.

ಹಾಲಿವುಡ್ ಕಡೆ ಹೋದ ನಂಟು ಇನ್ನೂ ನೇರ. 1920ರಲ್ಲಿ ಬರ್ಲಿನ್‌ನಲ್ಲಿ 'ಗೋಲೆಮ್' ಶೂಟ್ ಮಾಡಿದ ಕಾರ್ಲ್ ಫ್ರಾಯ್ಂಡ್ ಅಮೆರಿಕಕ್ಕೆ ಹೋಗಿ 1931ರ 'ಡ್ರಾಕುಲಾ'ಗೆ ಕ್ಯಾಮೆರಾ ಹಿಡಿದ್ರು, ಮಾರನೇ ವರ್ಷ 'ಮಮ್ಮಿ'ಗೆ ತಾವೇ ಡೈರೆಕ್ಟರ್.

ಪ್ರಶ್ನೆ: ಹೊಸಬರು ಯಾವುದರಿಂದ ಶುರು ಮಾಡೋದು? (ಮೈಸೂರು)

ಉತ್ತರ: 1920ರ 'ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ'. ವಕ್ರ ಮನೆಗಳು, ನೆರಳನ್ನೂ ಗೋಡೆಗೆ ಪೇಂಟ್ ಮಾಡಿದಾರೆ, ಹತ್ತೇ ನಿಮಿಷದಲ್ಲಿ ಒಳಗೆ ಎಳ್ಕೊಳುತ್ತೆ. 2014ರಲ್ಲಿ ಮೂಲ ನೆಗೆಟಿವ್‌ನಿಂದ ಸರಿ ಮಾಡಿದ ಕಾಪಿನೇ ಹುಡುಕಿ. ಯಾವುದೇ ಮೂಕಿ ಆಗ್ಲಿ, ಜನ ಕುಣಿದಾಡ್ಕೊಂಡು ಓಡ್ತಿದಾರೆ ಅನ್ನಿಸಿದ್ರೆ ಆ ಕಾಪಿ ಬಿಟ್ಬಿಡಿ, ಕ್ಯಾಮೆರಾ ಹಿಡಿ ಕೈಯಲ್ಲಿ ತಿರುಗಿಸಿ ಕಮ್ಮಿ ಸ್ಪೀಡಲ್ಲಿ ತೆಗೆದಿದ್ದನ್ನ ಸೆಕೆಂಡಿಗೆ 24 ಫ್ರೇಮಲ್ಲಿ ಓಡಿಸಿರ್ತಾರೆ.