ಮನೆಯ ಹಿಡಿತವೆಲ್ಲ ನಿಮ್ಮೊಬ್ಬರ ತಟ್ಟೆಯ ಮೇಲೇ ಏಕೆ?

ಪ್ರಶ್ನೆ: ಅಕ್ಕಾ, ನನಗೆ 39 ವರ್ಷ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬಾಡಿಗೆ ಮನೆ. ನಮ್ಮ ಯಜಮಾನರು ಮಂಡಿಯಲ್ಲಿ ಗುಮಾಸ್ತರು. ತಿಂಗಳಿಗೆ 24,000 ರೂಪಾಯಿ ಕೈಗೆ ಬರುತ್ತದೆ. ಮಗಳು ಪಿಯುಸಿ, ಮಗ ಏಳನೇ ಕ್ಲಾಸು. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮಾವನವರು ಕಾಟನ್ ಮಿಲ್‌ನಲ್ಲಿದ್ದವರು. ಮಿಲ್ಲು ಮುಚ್ಚಿದ ಮೇಲೆ ಅತ್ತೆ ದಾರದ ತುಂಡನ್ನೂ ಎಸೆಯದೆ ಮೂರು ಮಕ್ಕಳನ್ನು ಸಾಕಿದರಂತೆ. ಈಗಲೂ ಹಳೇ ಸೀರೆ ಸೇರಿಸಿ ಕೌದಿ ಹೊಲಿಯುತ್ತಾರೆ. ನಾನು ಸಂಸಾರ ಹಿಡಿದು ಮಾಡುವುದನ್ನು ಕಲಿತದ್ದು ಅವರಿಂದಲೇ. ಟೀ ಪುಡಿಯನ್ನು ಎರಡನೇ ಸಲ ಕುದಿಸುತ್ತೇನೆ. ಕರಿದ ಎಣ್ಣೆಯನ್ನು ಮುಗಿಯುವವರೆಗೂ ಬಳಸುತ್ತೇನೆ. ಸಂಜೆ ಇಡೀ ಮನೆಗೆ ಒಂದೇ ಟ್ಯೂಬ್‌ಲೈಟ್. ಎಲ್ಲರದೂ ಆದ ಮೇಲೆ ಉಳಿದದ್ದು ನನ್ನ ಊಟ. ಹೀಗೆ ಉಳಿಸಿ ಪೋಸ್ಟಾಫೀಸಿನಲ್ಲಿ ತಿಂಗಳಿಗೆ 500 ರೂಪಾಯಿ ಆರ್‌ಡಿ ಕಟ್ಟುತ್ತಿದ್ದೇನೆ, ಮಗಳ ಡಿಗ್ರಿ ಫೀಸಿಗೆ ಅಂತ. ಇದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಮೊನ್ನೆ ಮಗಳು, "ನಮ್ಮನೆಗೆ ಫ್ರೆಂಡ್ಸ್‌ನ ಕರೆಯೋಕೆ ನಾಚಿಕೆ ಆಗುತ್ತೆ, ಎಲ್ಲಾ ಒಡೆದದ್ದು, ಹಳೇದು. ನೀನು ಜಿಪುಣಿ" ಅಂದಳು. ಎರಡು ದಿನ ನನಗೆ ಊಟ ಸೇರಲಿಲ್ಲ. ಇದರ ಮಧ್ಯೆ ನಾದಿನಿ ಮನೆ ಕಟ್ಟಿಸಿದ್ದಾರೆ, ಎರಡು ತಿಂಗಳಿಗೆ ಗೃಹಪ್ರವೇಶ. ತವರಿನ ಮರ್ಯಾದೆ ಅಂತ ಯಜಮಾನರು ನೂರಕ್ಕೆ ಮೂರರ ಬಡ್ಡಿಗೆ 25,000 ತಂದು ಬೆಳ್ಳಿ ಕೊಡೋಣ ಅನ್ನುತ್ತಾರೆ. ಬೇಡ ಅಂದರೆ "ನೀನು ಎಲ್ಲದಕ್ಕೂ ಲೆಕ್ಕ ಹಾಕ್ತೀಯ" ಅಂತಾರೆ. ಹೋದ ತಿಂಗಳು ಗೃಹಜ್ಯೋತಿ ಇದ್ದರೂ ಕರೆಂಟ್ ಬಿಲ್ 1500ರ ಮೇಲೆ ಬಂತು. ಇನ್ನು ಎಲ್ಲಿ ಉಳಿಸಲಿ? ನನ್ನ ಕನ್ನಡಕ ಒಡೆದು ನಾಲ್ಕು ತಿಂಗಳಾಯಿತು, ಅದು ಪರವಾಗಿಲ್ಲ, ನಡೆಯುತ್ತೆ. ಮೆಟ್ಟಿಲು ಹತ್ತಿದರೆ ತಲೆ ಸುತ್ತುತ್ತೆ, ಅಷ್ಟೇ. ನಾನು ನಿಜವಾಗಲೂ ಜಿಪುಣಿಯೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ತಂಗೀ, ನೀವು ಜಿಪುಣಿ ಅಲ್ಲ. ಜಿಪುಣರು ಬೇರೆಯವರಿಗೆ ಕೊಡುವಾಗ ಕೈ ಹಿಡಿಯುತ್ತಾರೆ. ನಿಮ್ಮ ಪತ್ರದಲ್ಲಿ ಗಂಡ, ಮಕ್ಕಳು, ಅತ್ತೆ ಯಾರಿಗೂ ಊಟಕ್ಕೆ, ಓದಿಗೆ ಕಡಿಮೆ ಮಾಡಿದ್ದು ನನಗೆ ಕಾಣಲಿಲ್ಲ. ಕಡಿಮೆ ಆಗಿರುವುದು ನಿಮಗೆ ಮಾತ್ರ. ನನಗೆ ಸಂಕಟವಾದದ್ದು ಮಗಳ ಮಾತಿಗಲ್ಲ, ನಿಮ್ಮ ಕೊನೆಯ ಸಾಲುಗಳಿಗೆ. ಕನ್ನಡಕ ಒಡೆದಿದೆ, ಪರವಾಗಿಲ್ಲ. ತಲೆ ಸುತ್ತುತ್ತೆ, ಅಷ್ಟೇ. ಇವೆರಡನ್ನೂ ನೀವು ಕೇಳಲೇ ಇಲ್ಲ, ಸುಮ್ನೆ ಹೇಳಿ ಮುಂದೆ ಹೋದಿರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಈ ವಾರದಲ್ಲೇ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಕಣ್ಣು ತೋರಿಸಿ, ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ. ಕೊನೆಗೆ ಉಳಿದದ್ದನ್ನು ಉಣ್ಣುವ ತಾಯಂದಿರು ಅದರಲ್ಲಿ ಎಷ್ಟು ಜನ ಇರಬಹುದು, ನೀವೇ ಯೋಚನೆ ಮಾಡಿ. ತಲೆ ಸುತ್ತಲು ಬೇರೆ ಕಾರಣವೂ ಇರಬಹುದು, ಅದನ್ನು ಡಾಕ್ಟರೇ ಹೇಳಬೇಕು. ರಕ್ತ ಕಡಿಮೆ ಇದೆ ಅಂದರೆ ಮಾತ್ರೆ ಕೊಡುತ್ತಾರೆ, ತಪ್ಪದೆ ತಗೊಳ್ಳಿ. ಮಾತ್ರೆ ನುಂಗಿದ ಕೂಡಲೇ ಟೀ ಕುಡಿಯಬೇಡಿ, ಕಬ್ಬಿಣದ ಅಂಶ ಮೈಗೆ ಹತ್ತುವುದನ್ನು ಟೀ ತಡೆಯುತ್ತದೆ. ಊಟಕ್ಕೆ ಎಲ್ಲರ ಜೊತೆ ಕೂತುಕೊಳ್ಳಿ. ರೊಟ್ಟಿ ಎಣಿಸುವಾಗ ನಿಮ್ಮ ರೊಟ್ಟಿಯನ್ನೂ ಎಣಿಸಿ. ಮೆಂತ್ಯ ಸೊಪ್ಪು, ಹೆಸರುಕಾಳು, ಶೇಂಗಾ ಚಟ್ನಿಪುಡಿ, ಮೊಟ್ಟೆ ತಿನ್ನುವವರಾದರೆ ಒಂದು ಮೊಟ್ಟೆ. ಇದರಲ್ಲಿ ದುಬಾರಿಯದು ಏನೂ ಇಲ್ಲ, ನಿಮ್ಮ ಪಾಲಿಗೆ ಬರುತ್ತಿಲ್ಲ ಅಷ್ಟೇ. ಒಡೆದ ಕನ್ನಡಕದಲ್ಲಿ ಗಾಡಿ ಓಡಾಡುವ ರಸ್ತೆ ದಾಟಬೇಡಿ. ಈ ತಿಂಗಳ ಆರ್‌ಡಿ ಕಂತು ತಡವಾದರೆ ಅಂಚೆಯವರು ಸ್ವಲ್ಪ ದಂಡ ಹಾಕುತ್ತಾರೆ, ಅದನ್ನು ಕಟ್ಟಿದರಾಯಿತು. ಕನ್ನಡಕ ಕಾಯುವುದು ಬೇಡ.

ಇನ್ನು ಉಳಿತಾಯದ ಮಾತು. ನೀವು ಕಷ್ಟಪಟ್ಟು ಹಿಡಿಯುತ್ತಿರುವ ಜಾಗ ಒಂದು, ದುಡ್ಡು ಸೋರುತ್ತಿರುವ ಜಾಗ ಇನ್ನೊಂದು.

ಕರೆಂಟನ್ನೇ ನೋಡಿ. 20 ವ್ಯಾಟ್‌ನ ಎಲ್‌ಇಡಿ ಟ್ಯೂಬ್‌ಲೈಟ್ ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 3 ಯೂನಿಟ್ ಆಗುತ್ತದೆ. ಅಷ್ಟಕ್ಕಾಗಿ ನೀವು ನಾಲ್ಕು ಜನರನ್ನು ಒಂದೇ ಬೆಳಕಿನ ಕೆಳಗೆ ಕೂರಿಸಿದ್ದೀರಿ. ಬಚ್ಚಲಲ್ಲಿ ಗೀಸರ್ ಇದ್ದರೆ ಅದು ಸಾಮಾನ್ಯವಾಗಿ 2000 ವ್ಯಾಟ್‌ನದು. ದಿನಕ್ಕೆ ಒಟ್ಟು ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ನೀರು ಕಾಯಿಸಲು ಕಾಯಿಲ್ ಬಳಸುತ್ತಿದ್ದರೂ ಹೆಚ್ಚು ಕಡಿಮೆ ಇದೇ ಲೆಕ್ಕ. ಹಳೇ ಕಾಲದ 75 ವ್ಯಾಟ್ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ಒಂದೊಂದಕ್ಕೆ 27 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಇಷ್ಟು ಉಚಿತ ಅಂತ ಹಿಂದಿನ ಬಳಕೆಯ ಸರಾಸರಿ ನೋಡಿ ನಿಗದಿ ಮಾಡಿರುತ್ತಾರೆ. ಅದಕ್ಕಿಂತ ಸ್ವಲ್ಪ ಜಾಸ್ತಿ ಆದರೆ ಜಾಸ್ತಿ ಆದಷ್ಟಕ್ಕೆ ಮಾತ್ರ ದುಡ್ಡು. 200 ಯೂನಿಟ್ ದಾಟಿದಿರೋ, ಇಡೀ ಬಿಲ್ ನೀವೇ ಕಟ್ಟಬೇಕು. ನಿಮಗೆ ಆಗಿರುವುದು ಇದೇ ಅನಿಸುತ್ತದೆ. ಬೆಸ್ಕಾಂ ಬಿಲ್ ತೆಗೆದು ಯೂನಿಟ್ ಎಷ್ಟಿದೆ ನೋಡಿ. 205, 210 ಹೀಗೆ ಇದ್ದರೆ ಗೀಸರ್ ಒಂದನ್ನೇ ಹಿಡಿತಕ್ಕೆ ತಂದರೂ ಸಾಕು, ಆ 1500ರಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಬೆಳಿಗ್ಗೆ ಒಂದೇ ಸಲ ಹಾಕಿ, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಲಿ. ನಮ್ಮೂರಿನ ಏಪ್ರಿಲ್, ಮೇ ಬಿಸಿಲಿಗೆ ಬಿಸಿನೀರೇ ಬೇಕಾಗಿಲ್ಲ ಅಲ್ವಾ? ತಿಂಗಳ ಮಧ್ಯೆ ಮೀಟರ್ ನೋಡಿ ಬರೆದಿಡುವ ಕೆಲಸ ಮಗನಿಗೆ ಕೊಡಿ. ಏಳನೇ ಕ್ಲಾಸಿನ ಹುಡುಗನಿಗೆ ಅದು ಬರುತ್ತದೆ, ಖುಷಿಯಿಂದ ಮಾಡುತ್ತಾನೆ.

ಟೀ ಪುಡಿ ಎರಡನೇ ಸಲ ಕುದಿಸುವುದನ್ನು ಬಿಟ್ಟುಬಿಡಿ. ಅದರಿಂದ ಉಳಿಯುವುದು ಚೂರು, ಮನೆಯವರಿಗೆಲ್ಲ ದಿನಾ ಬೆಳಿಗ್ಗೆ ಇಲ್ಲದ ಬಡತನದ ರುಚಿ. ಕರಿದ ಎಣ್ಣೆ ವಿಷಯ ಇನ್ನೂ ಮುಖ್ಯ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕೆಡುತ್ತದೆ, ಹೃದಯಕ್ಕೆ ಒಳ್ಳೆಯದಲ್ಲ. ಬಣ್ಣ ಕಪ್ಪಗಾಗಿ, ನೊರೆ ಬಂದು, ಜಿಗಿ ಆದ ಮೇಲೆ ಅದನ್ನು ಚೆಲ್ಲಲೇಬೇಕು. ಚೆಲ್ಲಲು ಮನಸ್ಸು ಬರುವುದಿಲ್ಲ ಅಂದರೆ ಮೊದಲೇ ಸಣ್ಣ ಬಾಣಲೆಯಲ್ಲಿ ಕಡಿಮೆ ಎಣ್ಣೆ ಇಟ್ಟು ಕರಿಯಿರಿ. ಉಳಿದದ್ದನ್ನು ಸೋಸಿಟ್ಟು ಮಾರನೇ ದಿನವೇ ಒಗ್ಗರಣೆಗೆ ಹಾಕಿ ಮುಗಿಸಿ. ಉಳಿತಾಯ ಬೇಕಾದರೆ ಗ್ಯಾಸಿನಲ್ಲಿ ಮಾಡಬಹುದು. ಬೇಳೆ, ಕಾಳು ನೆನೆಸಿಡಿ. ಅನ್ನ, ಬೇಳೆ ಬೇರೆ ಬೇರೆ ಡಬ್ಬಿಯಲ್ಲಿ ಒಂದೇ ಕುಕ್ಕರ್‌ನಲ್ಲಿಡಿ. ಮೊದಲ ಸೀಟಿ ಆದ ಮೇಲೆ ಉರಿ ಸಣ್ಣದು ಮಾಡಿ. ಇದು ನಿಮಗೆ ಗೊತ್ತಿರುವುದೇ ಇರಬಹುದು.

ಅತ್ತೆಯವರು ಬಿಪಿಗೋ ಸಕ್ಕರೆಗೋ ಮಾತ್ರೆ ತಗೊಳ್ಳುತ್ತಿದ್ದರೆ ಇನ್ನೊಂದು ಮಾತು. ಡಾಕ್ಟರ ಹತ್ತಿರ ಕಂಪನಿ ಹೆಸರಿನ ಬದಲು ಔಷಧಿಯ ಹೆಸರನ್ನೇ ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೇಳಿ. ಅದೇ ಔಷಧಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುವುದೇ ಹೆಚ್ಚು. ವರ್ಷಗಟ್ಟಲೆ ನುಂಗುವ ಮಾತ್ರೆಯಲ್ಲಿ ಇದು ದೊಡ್ಡ ಮೊತ್ತ.

ಈಗ ಮಗಳು. ಅವಳ ಮಾತು ಒರಟು, ನಿಮಗೆ ನೋವಾಗಿದೆ. ಆದರೆ ಅವಳಿಗೆ ಏನು ಗೊತ್ತು ಹೇಳಿ? ಅಮ್ಮ ಟೀ ಪುಡಿ ಎರಡು ಸಲ ಕುದಿಸುವುದು ಅವಳಿಗೆ ಕಾಣುತ್ತದೆ. ಆ ದುಡ್ಡು ತನ್ನ ಡಿಗ್ರಿ ಫೀಸಿಗೆ ಕೂಡುತ್ತಿರುವುದು ಕಾಣುವುದಿಲ್ಲ, ನೀವೇ ಮುಚ್ಚಿಟ್ಟಿದ್ದೀರಿ. ಯಾತಕ್ಕೆ ಅಂತ ಗೊತ್ತಿಲ್ಲದ ಹಿಡಿತ ಮಕ್ಕಳ ಕಣ್ಣಿಗೆ ಜಿಪುಣತನವಾಗಿಯೇ ಕಾಣುತ್ತದೆ. ಗಂಡನ ಕಣ್ಣಿಗೂ ಅಷ್ಟೇ. ಆರ್‌ಡಿ ಪಾಸ್‌ಬುಕ್ ಅವಳ ಕೈಗೆ ಕೊಡಿ. "ನಿನಗೋಸ್ಕರ ನಾನು ಇಷ್ಟು ಬಿಟ್ಟೆ" ಅಂತ ಮಾತ್ರ ಅನ್ನಬೇಡಿ, ಆ ಹೊರೆ ಮಕ್ಕಳಿಗೆ ತಡೆಯುವುದಿಲ್ಲ. "ಇದು ನಿನ್ನ ಕಾಲೇಜಿಗೆ, ಇಷ್ಟಾಗಿದೆ, ಇನ್ನಿಷ್ಟು ಬೇಕು" ಅಂತ ಲೆಕ್ಕವಾಗಿ ಹೇಳಿ. ಬರುವ ತಿಂಗಳ ಕಿರಾಣಿ ಚೀಟಿ ಅವಳೇ ಬರೆಯಲಿ. ಮಂಡಿಪೇಟೆಗೆ ನಿಮ್ಮ ಜೊತೆ ಬರಲಿ. ಬೆಲೆ ಗೊತ್ತಾದರೆ ಮಾತಿನ ಧಾಟಿ ತಾನಾಗೇ ಬದಲಾಗುತ್ತದೆ.

ಆದರೆ ಅವಳ ಮಾತಿನಲ್ಲಿ ಒಂದು ನಿಜವೂ ಇದೆ. ಹದಿನೇಳರ ಹುಡುಗಿಗೆ ಗೆಳತಿಯರ ಮುಂದೆ ಅಂಚು ಒಡೆದ ಲೋಟದಲ್ಲಿ ಟೀ ಕೊಡಬೇಕು ಅಂದರೆ ಕಷ್ಟ. ಹೊರಗಿನವರು ಮುಟ್ಟುವ ವಸ್ತುಗಳು ಕೆಲವೇ: ಲೋಟ, ತಟ್ಟೆ, ಕೂರುವ ಚಾಪೆ, ಬಚ್ಚಲಿನ ಬಕೆಟ್ಟು ಮಗ್ಗು, ಕೈ ಒರೆಸುವ ಟವೆಲ್ಲು. ಇವು ಹೊಸದಾಗಲಿ, ಒಂದೇ ಥರ ಇರಲಿ. ಆರು ಲೋಟವನ್ನು ಅವಳೇ ಆರಿಸಲಿ. ಮಿಕ್ಕಿದ್ದು ಹಳೇದಿದ್ದರೆ ಯಾರೂ ನೋಡುವುದಿಲ್ಲ. ಆಮೇಲೆ ಒಂದು ಭಾನುವಾರ ಗೆಳತಿಯರನ್ನು ನೀವೇ ಕರೆಯಿರಿ. ದಾವಣಗೆರೆಯಲ್ಲಿ ಮಕ್ಕಳಿಗೆ ಏನು ಮಾಡಲಿ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಂದು ದೊಡ್ಡ ಪಾತ್ರೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ. ಊರಿನಲ್ಲೇ ಭಟ್ಟಿ ಇರುವುದರಿಂದ ಗರಿಗರಿ ಮಂಡಕ್ಕಿ ಕಡಿಮೆ ಬೆಲೆಗೆ ಸಿಗುತ್ತದೆ. ಸಿರಿವಂತರ ಮನೆಯ ಹುಡುಗಿಯೂ ಇನ್ನೊಂದು ಸಲ ಹಾಕಿಸಿಕೊಳ್ಳುತ್ತಾಳೆ.

ಮಿಲ್ಲು ಮುಚ್ಚಿದ ದಿನಗಳನ್ನು ಅತ್ತೆಯವರ ಬಾಯಿಂದಲೇ ಮೊಮ್ಮಕ್ಕಳು ಕೇಳಲಿ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ಇದು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಸಂಬಳ ನಿಂತ ಮನೆಗಳನ್ನು ನಡೆಸಿದ್ದು ಅತ್ತೆಯಂಥ ಹೆಂಗಸರು. ಅವರಿಗೆ ಆಗ ಬೇರೆ ದಾರಿ ಇರಲಿಲ್ಲ. ನಿಮ್ಮ ಮನೆಗೆ ತಿಂಗಳು ತಿಂಗಳು ಸಂಬಳ ಬರುತ್ತಿದೆ. ಅವರ ಕೈಗುಣವನ್ನು ಕಲಿಯಿರಿ, ಆ ದಿನಗಳ ಹೆದರಿಕೆಯನ್ನು ಹೊತ್ತುಕೊಳ್ಳಬೇಡಿ.

ಕೊನೆಗೆ ಸಾಲ. ಇದರಲ್ಲಿ ನಾನು ನಿಮ್ಮ ಕಡೆಗೇ, ಪೂರ್ತಿಯಾಗಿ. ನೂರಕ್ಕೆ ಮೂರು ಅಂದರೆ ವರ್ಷಕ್ಕೆ ನೂರಕ್ಕೆ 36. 25,000ಕ್ಕೆ ತಿಂಗಳಿಗೆ 750 ರೂಪಾಯಿ ಬರೀ ಬಡ್ಡಿ, ವರ್ಷಕ್ಕೆ 9,000. ಅಸಲು ಹಾಗೇ ಕೂತಿರುತ್ತದೆ. ನೀವು ಹೊಟ್ಟೆ ಬಟ್ಟೆ ಕಟ್ಟಿ ಉಳಿಸುತ್ತಿರುವ 500 ಬಡ್ಡಿಗೇ ಸಾಲುವುದಿಲ್ಲ. ಯಜಮಾನರು ಮಂಡಿಯಲ್ಲಿ ದಿನಾ ಲೆಕ್ಕ ಬರೆಯುವವರು, ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟರೆ ಅವರಿಗೆ ನಿಮಗಿಂತ ಬೇಗ ಅರ್ಥವಾಗುತ್ತದೆ. ಸಂಬಂಧಿಕರ ಎದುರು, ಮಕ್ಕಳ ಎದುರು ಈ ಮಾತು ತೆಗೆಯಬೇಡಿ. ಅವರು ಊಟ ಮಾಡಿ ಕೂತಾಗ ಪಾಸ್‌ಬುಕ್ಕನ್ನೂ ತೋರಿಸಿ. ಇಷ್ಟು ದಿನ ಹೇಳಲಿಲ್ಲ ಅಂತ ಅವರಿಗೆ ಬೇಸರವಾಗಬಹುದು. ಆಗಲಿ. ಈ ದುಡ್ಡು ಮುಟ್ಟುವ ಹಾಗಿಲ್ಲ, ಮಗಳದ್ದು ಅಂತ ಇಬ್ಬರೂ ಒಪ್ಪಿಕೊಳ್ಳಿ. ತಂಗಿಯ ಮೇಲಿನ ಅವರ ಪ್ರೀತಿಯನ್ನು ಮಾತ್ರ ಸಣ್ಣದು ಮಾಡಬೇಡಿ. ಅಣ್ಣನಿಗೆ ತಂಗಿಯ ಹೊಸ ಮನೆಗೆ ಕೈ ತುಂಬ ತಗೊಂಡು ಹೋಗಬೇಕು ಅನಿಸುವುದು ಸಹಜ.

ಮುಯ್ಯಿ ಪುಸ್ತಕ ತೆಗೆದು ನೋಡಿ. ನಿಮ್ಮ ಮನೆಯ ಕಾರ್ಯಗಳಿಗೆ ನಾದಿನಿ ಏನು ಹಾಕಿದ್ದರು? ಅಷ್ಟಕ್ಕೆ ಸ್ವಲ್ಪ ಸೇರಿಸಿ ಕೊಟ್ಟರೆ ಯಾರೂ ಆಡಿಕೊಳ್ಳುವುದಿಲ್ಲ. ತವರಿನ ಸೀರೆ, ಉಡಿ ಅಕ್ಕಿ, ಎರಡು ತಿಂಗಳಲ್ಲಿ ಇಬ್ಬರೂ ಸೇರಿ ಕೂಡಿಟ್ಟಷ್ಟು ದುಡ್ಡು. ಕರೆಂಟ್ 200 ಯೂನಿಟ್‌ನ ಒಳಗೆ ಬಂದರೆ ಅದೇ ದೊಡ್ಡ ಪಾಲಾಯಿತು. ಅದರ ಜೊತೆ ಅತ್ತೆಯವರು ಮಗಳಿಗೆ ಅಂತಲೇ ಒಂದು ಕೌದಿ ಹೊಲಿಯಲಿ. ಅಮ್ಮನ ಹಳೇ ಸೀರೆ, ಅಣ್ಣನ ಮಕ್ಕಳ ಅಂಗಿ ಸೇರಿದ ಕೌದಿ ಯಾವ ಅಂಗಡಿಯಲ್ಲಿ ಸಿಗುತ್ತದೆ? ಅಂಚು ಕಟ್ಟುವಾಗ ನಿಮ್ಮ ಮಗಳೂ ಕೈ ಹಾಕಲಿ. ಯಜಮಾನರು ಎರಡು ದಿನ ರಜೆ ಹಾಕಿ ಮೊದಲೇ ಹೋಗಿ ಅಡುಗೆಯವರನ್ನು, ಪೆಂಡಾಲಿನವರನ್ನು ನೋಡಿಕೊಳ್ಳಲಿ. ಗೃಹಪ್ರವೇಶದ ಗಡಿಬಿಡಿಯಲ್ಲಿ ನಂಬಿಕೆಯ ಒಬ್ಬ ಮನುಷ್ಯ ಪಕ್ಕದಲ್ಲಿರುವುದು ನಾದಿನಿಗೆ ಎಷ್ಟು ಬೇಕಾಗಿರುತ್ತದೆ ಅನ್ನುವುದು ಮನೆ ಕಟ್ಟಿದವರಿಗೆ ಗೊತ್ತು.

ಸಾಲದ ಮಾತು ಆಡಲು ಕೂತಾಗ ಅತ್ತೆಯವರನ್ನೂ ಕೂರಿಸಿಕೊಳ್ಳಿ. ಮಗಳ ಮನೆಗೆ ತವರಿನಿಂದ ಏನು ಹೋಗಬೇಕು ಅನ್ನುವುದರಲ್ಲಿ ನಿಮ್ಮ ಮಾತಿಗಿಂತ ಅವರ ಮಾತಿಗೆ ತೂಕ ಜಾಸ್ತಿ. ಬಡ್ಡಿ ಸಾಲ ಅಂದರೆ ಏನು ಅಂತ ಆ ಮನೆಯಲ್ಲಿ ಅವರಷ್ಟು ತಿಳಿದವರು ಇನ್ನೊಬ್ಬರಿಲ್ಲ.