ಇಸ್ಲಾಂ, ಹಿಂದೂ ಧರ್ಮಗಳಿಗೆ ಸಮಾನ ಮೌಲ್ಯಗಳಿವೆಯೇ?

ಈ ಎರಡು ಧರ್ಮಗಳಿಗೆ ಸಮಾನವಾದ ಆಧ್ಯಾತ್ಮಿಕ ಮೌಲ್ಯಗಳು ನಿಜಕ್ಕೂ ಇವೆಯೇ, ಅಥವಾ ಅದು ಸೌಹಾರ್ದ ಸಭೆಗಳಲ್ಲಿ ಆಡುವ ಮಾತಷ್ಟೆಯೇ ಎಂದು ತಾವು ಕೇಳಿದ್ದೀರಿ. ಇವೆ ಎಂಬುದು ನನ್ನ ಉತ್ತರ. ಆದರೆ ಅವನ್ನು ದೇವರ ಸ್ವರೂಪದ ಚರ್ಚೆಯಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ವಿಗ್ರಹಾರಾಧನೆ, ಪುನರ್ಜನ್ಮ, ಅಂತಿಮ ತೀರ್ಪಿನ ದಿನ ಮುಂತಾದ ವಿಷಯಗಳಲ್ಲಿ ನಿಲುವುಗಳು ಬೇರೆ ಬೇರೆ. 'ಎಲ್ಲವೂ ಒಂದೇ' ಎಂದು ತೇಲಿಸಿಬಿಡುವುದು ಎರಡಕ್ಕೂ ಮಾಡುವ ಅಪಚಾರ.

ಹೋಲಿಕೆ ಎದ್ದು ಕಾಣುವುದು ದಾನದಲ್ಲಿ. ಕೊಡುವುದು ಕರ್ತವ್ಯವೆಂಬ ಭಾವದಿಂದ, ತಿರುಗಿ ಉಪಕಾರ ಮಾಡದವನಿಗೆ, ದೇಶ ಕಾಲ ಪಾತ್ರಗಳನ್ನರಿತು ಕೊಟ್ಟದ್ದು ಸಾತ್ತ್ವಿಕ ದಾನವೆಂದು ಗೀತೆಯ 17ನೆಯ ಅಧ್ಯಾಯದ 20ನೆಯ ಶ್ಲೋಕ ಹೇಳುತ್ತದೆ. ಪ್ರತ್ಯುಪಕಾರವನ್ನು ಎಣಿಸಿ ಕೊಟ್ಟರೆ ಮುಂದಿನ ಶ್ಲೋಕ ಅದನ್ನು ರಾಜಸಕ್ಕೆ ಇಳಿಸುತ್ತದೆ. ಕುರಾನಿನ 76ನೆಯ ಅಧ್ಯಾಯದಲ್ಲಿ ಬಡವರಿಗೂ ಅನಾಥರಿಗೂ ಸೆರೆಯಾಳುಗಳಿಗೂ ಉಣಬಡಿಸುವ ಸಜ್ಜನರು, ತಾವು ದೇವರಿಗಾಗಿ ಮಾತ್ರ ಉಣಿಸುತ್ತಿರುವುದಾಗಿಯೂ ಪ್ರತಿಫಲವನ್ನಾಗಲಿ ಕೃತಜ್ಞತೆಯನ್ನಾಗಲಿ ಬಯಸುವುದಿಲ್ಲವೆಂದೂ ಹೇಳುತ್ತಾರೆ. ಕೊಟ್ಟದ್ದನ್ನು ಎತ್ತಿ ಆಡಿ ನೋಯಿಸಿದರೆ ದಾನವೇ ವ್ಯರ್ಥವೆಂದು 2ನೆಯ ಅಧ್ಯಾಯ ಎಚ್ಚರಿಸುತ್ತದೆ. (ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರು ಬರೆಸುವ ನಮ್ಮ ಕಾಲದವರು ಈ ಎರಡನ್ನೂ ಮತ್ತೊಮ್ಮೆ ಓದಬೇಕು.) ವ್ಯತ್ಯಾಸ ವಿಧಾನದಲ್ಲಿದೆ: ನಿಗದಿತ ಮಿತಿಯನ್ನು ಮೀರಿದ ಉಳಿತಾಯ ಒಂದು ಚಾಂದ್ರಮಾನ ವರ್ಷ ಕೈಯಲ್ಲಿದ್ದರೆ ಅದರ ಶೇ. 2.5 ಭಾಗವನ್ನು ಜಕಾತ್ ಆಗಿ ಕೊಡುವುದು ಮುಸ್ಲಿಮರಿಗೆ ಕಡ್ಡಾಯ. ಹಿಂದೂಗಳಲ್ಲಿ ಅದು ಬಹುಮಟ್ಟಿಗೆ ಕೊಡುವವನ ಮನಸ್ಸಿಗೆ ಬಿಟ್ಟದ್ದು.

ಉಪವಾಸದ ಮಾತೂ ಹೀಗೆಯೇ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ರಂಜಾನ್ ಸಂಜೆ ಖರ್ಜೂರ, ಹೆಚ್ಚಿದ ಕಲ್ಲಂಗಡಿ ಎದುರಿಗಿದ್ದರೂ ಆಜಾನ್ ಕೇಳಿಸುವವರೆಗೆ ತಟ್ಟೆಗೆ ಕೈ ಹಾಕುವುದಿಲ್ಲ. ಏಕಾದಶಿಯಂದು ನೀರನ್ನೂ ಮುಟ್ಟದೆ ದ್ವಾದಶಿಯ ಪಾರಣೆಗೆ ಪಂಚಾಂಗ ನೋಡುವ ನಮ್ಮ ಮನೆಯ ಹಿರಿಯರಿಗೆ ಆ ಕಾಯುವಿಕೆ ಹೊಸತೇನಲ್ಲ. ಸುಳ್ಳನ್ನು ಬಿಡದವನು ಅನ್ನನೀರು ಬಿಡುವುದು ದೇವರಿಗೆ ಬೇಕಿಲ್ಲವೆಂಬ ಹದೀಸಿನ (ಪ್ರವಾದಿ ಮುಹಮ್ಮದರ ನುಡಿಗಳ ಸಂಗ್ರಹದ) ಮಾತನ್ನು ಅವರೂ ಒಪ್ಪುತ್ತಾರೆ.

ಮೇಲುಕೋಟೆಯ ಬೀಬಿ ನಾಚಿಯಾರಳ ಕಥೆಯನ್ನು ಇಂತಹ ಚರ್ಚೆಯಲ್ಲಿ ಹಲವರು ಉದಾಹರಿಸುತ್ತಾರೆ. ಅಲ್ಲಿನ ದೇವರ ಉತ್ಸವಮೂರ್ತಿ ಚೆಲುವಪಿಳ್ಳೆಯನ್ನು ರಾಮಾನುಜರು ದೆಹಲಿಯಿಂದ ತಂದಾಗ ಅಗಲಿರಲಾರದೆ ಹಿಂದೆಯೇ ಬಂದ ಸುಲ್ತಾನನ ಮಗಳು ಆಕೆ ಎಂಬುದು ಐತಿಹ್ಯ. ರಾಮಾನುಜರು 1137ರಲ್ಲಿ ತೀರಿಕೊಂಡರೆಂಬುದು ಸಾಂಪ್ರದಾಯಿಕ ಲೆಕ್ಕ. ದೆಹಲಿ ಸುಲ್ತಾನರ ಆಳ್ವಿಕೆ ಆರಂಭವಾದದ್ದು 1206ರಲ್ಲಿ. ಕಾಲದ ತೊಡಕು ಹಾಗಿರಲಿ, ಅನ್ಯಧರ್ಮದವಳನ್ನು ನಾಚಿಯಾರಳೆಂದು, ಅಂದರೆ ದೇವರ ಪತ್ನಿಯೆಂದು, ಪೂಜಿಸುವ ವೈಷ್ಣವರ ಔದಾರ್ಯ ದೊಡ್ಡದೇ. ಆದರೂ ವಿಗ್ರಹಕ್ಕೆ ಮನಸೋತ ಕಥೆಯನ್ನು ಮುಸ್ಲಿಂ ಸ್ನೇಹಿತರ ಮುಂದೆ ಸಮಾನ ಮೌಲ್ಯವೆಂದು ಇಡಲು ನಾನು ಹಿಂಜರಿಯುತ್ತೇನೆ.