ತಿಪಟೂರಿನಲ್ಲಿ ಶಟರ್ ಕೂರಿಸುವ, ರಿಪೇರಿ ಮಾಡುವ ಸ್ವಂತ ಕೆಲಸ ಶುರು ಮಾಡಬಹುದಾ?

ಐಟಿಐ ಫಿಟ್ಟರ್ ಮುಗಿಸಿದ್ದೀರಿ, ಪೀಣ್ಯದ ಶಟರ್ ವರ್ಕ್‌ಶಾಪ್‌ನಲ್ಲಿ ದುಡಿದಿದ್ದೀರಿ. ಈಗ ಊರಿಗೆ ಬಂದು ಸ್ವಂತ ಕೆಲಸ ಮಾಡಬೇಕು, ಕೈಯಲ್ಲಿ 3 ಲಕ್ಷ ಇದೆ, ಶಟರ್‌ನ ತಗಡಿನ ಪಟ್ಟಿ ಮಾಡುವ ಮೆಷಿನ್‌ಗೆ ಅಡ್ವಾನ್ಸ್ ಕೊಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ರಿಪೇರಿಯಿಂದ ಶುರು ಮಾಡಿ. ನಾನು ಹಾಸನದಲ್ಲಿ ಇದೇ ಕೆಲಸ ಮಾಡಿಕೊಂಡಿದ್ದೇನೆ, ಆ ಧೈರ್ಯದಲ್ಲೇ ಹೇಳುತ್ತಿದ್ದೇನೆ.

ಪಟ್ಟಿ, ಅದು ಜಾರುವ ಎರಡು ಪಕ್ಕದ ಗೈಡ್, ಮೇಲಿನ ಅಡ್ಡ ಪೈಪ್, ಆ ಪೈಪ್ ಮೇಲೆ ಕೂತು ಶಟರ್ ಭಾರ ಎತ್ತಿಕೊಡುವ ಸ್ಪ್ರಿಂಗ್, ಪೈಪನ್ನು ಗೋಡೆಗೆ ಹಿಡಿಸುವ ಬ್ರಾಕೆಟ್ ಎಲ್ಲವೂ ಅಳತೆ ಕೊಟ್ಟರೆ ಬೆಂಗಳೂರಿನಿಂದ ರೆಡಿಯಾಗಿ ಬರುತ್ತವೆ. ಹೊಸ ಶಟರ್ ಒಮ್ಮೆ ಕೂರಿಸಿದರೆ ಆ ಅಂಗಡಿ ಕಡೆ ವರ್ಷಗಟ್ಟಲೆ ಕೆಲಸವಿರಲ್ಲ. ನಿಮ್ಮೂರ ಬಜಾರು, ಎಪಿಎಂಸಿ ಯಾರ್ಡು, ಕೊಬ್ಬರಿ ಗೋಡೌನು ಒಂದು ಸುತ್ತು ಹಾಕಿ ನೋಡಿ, ಹಳೇ ಶಟರುಗಳು ಎಷ್ಟಿವೆ ಅಂತ. ಬೆಳಿಗ್ಗೆ ಶಟರ್ ಏಳದಿದ್ದರೆ ಅವರ ವ್ಯಾಪಾರವೇ ನಿಂತಂತೆ, ಅಲ್ವಾ? ಆಗ ಓಡಿ ಬಂದು ಎತ್ತಿಕೊಟ್ಟವರ ನಂಬರ್ ಅವರು ಮರೆಯಲ್ಲ. ಮುಂದೆ ಹೊಸ ಮಳಿಗೆ ಕಟ್ಟಿಸಿದಾಗಲೂ ಮೊದಲು ನಿಮಗೇ ಫೋನ್ ಮಾಡುತ್ತಾರೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಸ್ಪ್ರಿಂಗ್ ಕೆಲಸಕ್ಕೆ ಒಬ್ಬರೇ ಹೋಗಬೇಡಿ. ವರ್ಕ್‌ಶಾಪ್‌ನಲ್ಲಿ ನೆಲದ ಮೇಲೆ ಸ್ಪ್ರಿಂಗ್ ಹಾಕುವುದೇ ಬೇರೆ, ಏಣಿ ಮೇಲೆ ನಿಂತು ತುಕ್ಕು ಹಿಡಿದದ್ದನ್ನು ಬಿಚ್ಚುವುದೇ ಬೇರೆ. ಶಟರ್ ಕೆಳಗಿದ್ದಾಗ ಸ್ಪ್ರಿಂಗ್ ಪೂರ್ತಿ ಬಿಗಿದುಕೊಂಡಿರುತ್ತದೆ. ಪೈಪ್ ತಿರುಗದಂತೆ ಹಿಡಿದಿರುವುದು ಬ್ರಾಕೆಟ್‌ನ ಕ್ಲಾಂಪ್ ಮಾತ್ರ. ಅದರ ಬೋಲ್ಟ್ ಸುಮ್ನೆ ಸಡಿಲಿಸಿದರೆ ಪೈಪ್ ಗಿರ್ರನೆ ತಿರುಗುತ್ತದೆ. ಪೈಪ್ ರೆಂಚ್ ಹಾಕಿ ಗಟ್ಟಿಯಾಗಿ ಹಿಡಿಯದಿದ್ದರೆ ಆ ರೆಂಚೇ ಬಂದು ಮುಖಕ್ಕೋ ಮಣಿಕಟ್ಟಿಗೋ ಬಡಿಯುತ್ತದೆ. ಶಟರ್ ಮೇಲೆತ್ತಿ ಕೆಳಗೆ ಆಸರೆ ಕೊಡಿ. ಆಗಲೂ ಸ್ವಲ್ಪ ಬಿಗಿ ಉಳಿದಿರುತ್ತದೆ. ಇಬ್ಬರು, ಎರಡು ರೆಂಚ್. ಒಬ್ಬರು ಹಿಡಿದಿರುವಾಗ ಇನ್ನೊಬ್ಬರು ರೆಂಚ್ ಬದಲಿಸಬೇಕು. ಕೆಳಗೆ ಯಾರೂ ಓಡಾಡಬಾರದು.

ಕೆಲಸ ಮುಗಿದ ಮೇಲೆ ಶಟರ್ ಅರ್ಧಕ್ಕೆ ಎತ್ತಿ ಕೈ ಬಿಡಿ. ಹೆಚ್ಚುಕಮ್ಮಿ ಅಲ್ಲೇ ನಿಲ್ಲಬೇಕು. ದಡಕ್ಕನೆ ಇಳಿದರೆ ಬಿಗಿ ಸಾಲದು, ತಾನಾಗಿ ಮೇಲೆ ಓಡಿದರೆ ಜಾಸ್ತಿಯಾಗಿದೆ. ಎಷ್ಟೋ ಸಲ ಸ್ಪ್ರಿಂಗ್ ಹೋಗಿರುವುದೇ ಇಲ್ಲ. ಗಾಡಿ ತಾಗಿ ಗೈಡ್ ಬಗ್ಗಿರುತ್ತದೆ, ಇಲ್ಲಾ ತುದಿಯ ಕ್ಲಿಪ್ ಬಿದ್ದುಹೋಗಿ ಒಂದು ಪಟ್ಟಿ ಪಕ್ಕಕ್ಕೆ ಸರಿದು ಉಜ್ಜುತ್ತಿರುತ್ತದೆ. ಅದನ್ನು ನೋಡದೆ ಸ್ಪ್ರಿಂಗ್ ಬದಲಿಸಿ ಬಿಲ್ ಮಾಡುವವರಿದ್ದಾರೆ. ನಿಮ್ಮದು ಸಣ್ಣ ಊರು, ಇಂಥ ಸುದ್ದಿ ಸಂಜೆಯೊಳಗೆ ಬಜಾರೆಲ್ಲ ಸುತ್ತುತ್ತದೆ.

ಹೊಸ ಶಟರ್ ಆರ್ಡರ್ ಬಂದರೆ ಜಗಳ ಹುಟ್ಟುವುದು ಅಳತೆಯಲ್ಲಿ. ಗಿರಾಕಿ ಬಾಗಿಲ ಜಾಗ ನೋಡಿ 10 ಅಡಿ ಅಗಲ, 8 ಅಡಿ ಎತ್ತರ, 80 ಚದರ ಅಡಿ ಅಂದುಕೊಂಡಿರುತ್ತಾರೆ. ನಾವು ಗೈಡ್ ಒಳಗೆ ಹೋಗುವ ಭಾಗ, ಮೇಲೆ ಸುತ್ತಿಕೊಳ್ಳುವ ಭಾಗ ಎರಡನ್ನೂ ಸೇರಿಸುತ್ತೇವೆ. ಹತ್ತೂವರೆ ಅಡಿಗೆ ಒಂಬತ್ತೂವರೆ ಅಡಿ ಹಿಡಿದರೆ ಹೆಚ್ಚುಕಮ್ಮಿ 100 ಆಯಿತು. ಇದನ್ನು ಮೊದಲೇ ಬರೆದುಕೊಡಿ. ಗೇಜ್ ಕೂಡ ಬರೆಯಿರಿ. 18 ಗೇಜ್ ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪ, 20 ಗೇಜ್ ಸುಮಾರು 0.9. ನಂಬರ್ ಜಾಸ್ತಿಯಾದಷ್ಟೂ ತಗಡು ತೆಳು ಅನ್ನುವುದು ತುಂಬಾ ಜನರಿಗೆ ಗೊತ್ತಿರಲ್ಲ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಅಳೆಯಿರಿ. ಬ್ರಾಕೆಟ್ ಕಾಂಕ್ರೀಟ್ ಕಂಬಕ್ಕೋ ಲಿಂಟಲ್‌ಗೋ ಕೂರಬೇಕು, ಬರೀ ಹಾಲೋ ಬ್ಲಾಕ್‌ಗೆ ಬೋಲ್ಟ್ ಹೊಡೆದರೆ ಆ ಭಾರಕ್ಕೆ ನಿಲ್ಲಲ್ಲ.

ಮೋಟಾರ್ ಕೆಲಸವನ್ನೂ ಕಲಿತುಕೊಳ್ಳಿ, ಬೇಡಿಕೆ ಇದೆ. ಶಟರ್ ಎಲ್ಲಿ ನಿಲ್ಲಬೇಕೋ ಅಲ್ಲಿ ಮೋಟಾರ್ ಆಫ್ ಮಾಡುವ ಲಿಮಿಟ್ ಸ್ವಿಚ್ ಸರಿ ಕೂರದಿದ್ದರೆ, ಶಟರ್ ನೆಲ ಮುಟ್ಟಿದ ಮೇಲೂ ಮೋಟಾರ್ ಬಿಚ್ಚುತ್ತಲೇ ಹೋಗಿ ಪಟ್ಟಿಗಳು ಮೇಲ್ಗಡೆ ಸಡಿಲವಾಗಿ ಸಿಕ್ಕಿಕೊಳ್ಳುತ್ತವೆ. ಕರೆಂಟ್ ಹೋದಾಗ ಕೈಚೈನ್ ಹೇಗೆ ಎಳೆಯಬೇಕು ಅಂತ ಅಂಗಡಿಯವರ ಕೈಯಲ್ಲೇ ಮಾಡಿಸಿ ತೋರಿಸಿ ಬನ್ನಿ.

ದುಡ್ಡಿನ ವಿಷಯ. ವೆಲ್ಡಿಂಗ್ ಮೆಷಿನ್, ಗ್ರೈಂಡರ್, ಡ್ರಿಲ್, ಎರಡು ಒಳ್ಳೆ ಪೈಪ್ ರೆಂಚ್, ಗಟ್ಟಿ ಏಣಿ, ಸ್ವಲ್ಪ ಸ್ಪ್ರಿಂಗ್ ಮತ್ತು ಕ್ಲಿಪ್ ಸ್ಟಾಕ್. ಉಳಿದದ್ದು ಬ್ಯಾಂಕಲ್ಲೇ ಇರಲಿ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ, ಮಧ್ಯದಲ್ಲಿ ಯಾರಿಗೂ ಫೀಸ್ ಕೊಡಬೇಡಿ. ನಗರಸಭೆಯಲ್ಲಿ ಟ್ರೇಡ್ ಲೈಸೆನ್ಸ್ ಮಾಡಿಸಿ. ಸಾಲ ಬೇಕೇ ಬೇಕು ಅಂದರೆ ಮುದ್ರಾ ಯೋಜನೆಯಲ್ಲಿ ಅಡಮಾನವಿಲ್ಲದೆ ಸಿಗುತ್ತದೆ, ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ.

ಇನ್ನು ರಾತ್ರಿ ಫೋನ್‌ಗಳು. ಕೀ ಕಳೆದಿದೆ, ಬೀಗ ಕತ್ತರಿಸಿಕೊಡಿ ಅಂತ ಕರೆಯುತ್ತಾರೆ. ಗುರುತಿಲ್ಲದವರಾದರೆ ಗುರುತಿನ ಚೀಟಿ ನೋಡಿ, ಪಕ್ಕದ ಅಂಗಡಿಯವರನ್ನು ವಿಚಾರಿಸಿ, ಆಮೇಲೆ ಗ್ರೈಂಡರ್ ತೆಗೆಯಿರಿ. ಬಾಡಿಗೆ ಜಗಳದಲ್ಲಿ ಕಟ್ಟಡದ ಮಾಲೀಕರೇ ಕರೆದರೂ ಹೋಗಬೇಡಿ. ಒಳಗಿರುವ ಮಾಲು ಬಾಡಿಗೆದಾರರದು, ನಾಳೆ ದೂರು ಕೊಟ್ಟರೆ ಬೀಗ ಕತ್ತರಿಸಿದವರ ಹೆಸರೂ ಅದರಲ್ಲಿ ಬರುತ್ತದೆ. ಪೊಲೀಸರನ್ನು ಕರೆಸಿ, ಅವರ ಎದುರಲ್ಲಿ ಆದರೆ ಮಾಡುತ್ತೇನೆ ಅನ್ನಿ.